ಹಳೆಯ ಗಿಟಾರು, ಹೊಸ ಗಿಟಾರು

ಕೆಲವು ತಿಂಗಳ ಹಿಂದೆ ನಾನೂ ನಮ್ಮ ಮನೆಯಾಕೆಯೂ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬರುವುದಕ್ಕಾಗಿ ಅಮೆರಿಕಕ್ಕೆ ಹೋಗಿದ್ದೆವು. ಅವನು ಇರುವುದು ಮಿಷಿಗನ್ ಸಂಸ್ಥಾನದ ಕಲಮಜೂ ಎಂಬ ಸಾಧಾರಣವಾದ ಪಟ್ಟಣದಲ್ಲಿ. ವಿಮಾನಪ್ರಯಾಣದ ವರ್ಣನೆಯನ್ನಾಗಲಿ ಅಲ್ಲಿನ ಹಿಮದ ವರ್ಣನೆಯನ್ನಾಗಲಿ ನಾನು ಇಲ್ಲಿ ಮಾಡತಕ್ಕವನಲ್ಲ; ಅವು ಈಗ ಮನೆಮನೆಗೂ ತಿಳಿದ ಸಂಗತಿಗಳು. ಆ ಆರು ತಿಂಗಳಲ್ಲಿ ಒಂದು ವಾದ್ಯದ ವಿಷಯವಾಗಿ ನಮ್ಮೊಳಗೆ ನಡೆದ ವ್ಯಾಜ್ಯವನ್ನು ಮಾತ್ರ ಹೇಳಬೇಕೆಂದಿದ್ದೇನೆ.

ನಮ್ಮ ಹುಡುಗನಿಗೆ ವಿದ್ಯುತ್ ಗಿಟಾರಿನ ಹುಚ್ಚು ಕಾಲೇಜಿನ ದಿನಗಳಿಂದಲೂ ಉಂಟು. ಮೈಸೂರಿನ ಮನೆಯಲ್ಲಿ ಬೆಳಗಿನ ಹೊತ್ತು ಅವನ ತಾಯಿ ವೀಣೆ ನುಡಿಸುತ್ತಿದ್ದಳು. ಸಾಯಂಕಾಲ ಇವನು ಗಿಟಾರು ಬಾರಿಸುತ್ತಿದ್ದನು. ನೆರೆಯವರು ಬೆಳಗಿನ ವಾದ್ಯವನ್ನು ಹೊಗಳುತ್ತಿದ್ದರು. ಸಾಯಂಕಾಲದ ಹೊತ್ತಿಗೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಈಗ ಅವನಿಗೆ ನಾಲ್ವತ್ತು ದಾಟಿದೆ, ಔಷಧದ ಕಾರ್ಖಾನೆಯೊಂದರಲ್ಲಿ ಉದ್ಯೋಗ, ಎಂಟು ವರ್ಷದ ಮಗಳು. ಹುಚ್ಚು ಮಾತ್ರ ಹಾಗೆಯೇ ಇದೆ.

ನಾವು ಹೋದ ವಾರದಲ್ಲೇ ಅವನು ನನ್ನನ್ನು ಪಾರ್ಸನ್ಸ್ ಬೀದಿಗೆ ಕರೆದುಕೊಂಡು ಹೋಗಿ ಒಂದು ಹಳೆಯ ಇಟ್ಟಿಗೆಯ ಕಟ್ಟಡವನ್ನೂ ಅದರ ಎತ್ತರವಾದ ಹೊಗೆಗೂಡನ್ನೂ ತೋರಿಸಿದನು. ದೇವಾಲಯದ ಗೋಪುರವನ್ನು ತೋರಿಸುವವನ ಭಕ್ತಿ ಅವನ ಮುಖದಲ್ಲಿತ್ತು. ೧೯೧೭ರಿಂದ ೧೯೮೪ರ ವರೆಗೆ ಗಿಬ್ಸನ್ ಗಿಟಾರುಗಳು ತಯಾರಾಗುತ್ತಿದ್ದುದು ಅಲ್ಲಿಯೇ. ಆಮೇಲೆ ಕಂಪೆನಿಯವರು ಊರನ್ನು ಬಿಟ್ಟು ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ಲಿನಲ್ಲಿಯೇ ನೆಲೆಸಿದರು. ಅವರೊಡನೆ ಹೋಗಲೊಲ್ಲದ ಕೆಲವು ಕೆಲಸಗಾರರು ೧೯೮೫ರಲ್ಲಿ ಅದೇ ಕಟ್ಟಡದಲ್ಲಿ ಹೆರಿಟೇಜ್ ಎಂಬ ಬೇರೆ ಹೆಸರಿನಿಂದ ಗಿಟಾರು ಮಾಡತೊಡಗಿದರು. ಹೀಗೆ ಹೆಸರು ಒಂದು ಊರಿಗೆ ಹೋಯಿತು, ಗೋಡೆಗಳು ಒಂದು ಊರಿನಲ್ಲಿ ಉಳಿದವು. ಇವೆರಡರಲ್ಲಿ ಹಳೆಯ ವಾದ್ಯಕ್ಕೆ ನಿಜವಾದ ವಾರಸುದಾರರು ಯಾರೆಂದು ನಮ್ಮ ಹುಡುಗನೂ ಅವನ ಸ್ನೇಹಿತರೂ ಗಂಟೆಗಟ್ಟಲೆ ವಾದಿಸುವುದನ್ನು ನಾನು ಕೇಳಿದ್ದೇನೆ.

ವಿದ್ಯುತ್ ಗಿಟಾರನ್ನು ಹತ್ತಿರದಿಂದ ನೋಡದ ವಾಚಕರು ಮೊದಲು ಒಂದು ಸಂಗತಿಯನ್ನು ತಿಳಿಯಬೇಕು. ವೀಣೆಯಲ್ಲಿ ತಂತಿ ಅಲುಗಿದಾಗ ಕುದುರೆ ಅಲುಗುತ್ತದೆ, ಕುದುರೆಯಿಂದ ಹಲಸಿನ ಮರದ ಟೊಳ್ಳು ಕೊಡ ಅಲುಗುತ್ತದೆ, ಅದರೊಳಗಿನ ಗಾಳಿ ನಾದವನ್ನು ಹೊರಕ್ಕೆ ಕೊಡುತ್ತದೆ. ಈ ಗಿಟಾರಿನ ಒಡಲಾದರೋ ಗಟ್ಟಿ ಹಲಗೆ, ಟೊಳ್ಳೆಂಬುದೇ ಇಲ್ಲ. ತಂತಿಗಳ ಕೆಳಗೆ ಅಯಸ್ಕಾಂತವನ್ನಿಟ್ಟು, ಅದರೊಡನೆ ಕೂದಲಿಗಿಂತ ಸಣ್ಣದಾದ ತಾಮ್ರದ ತಂತಿಯ ಒಂದು ಸುರುಳಿಯನ್ನು ಕೂಡಿಸಿರುತ್ತಾರೆ. ಉಕ್ಕಿನ ತಂತಿ ಆ ಅಯಸ್ಕಾಂತದ ಮುಂದೆ ಕಂಪಿಸಿದಾಗ ಸುರುಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ ಪ್ರವಾಹವು ಹುಟ್ಟುತ್ತದೆ. ೧೮೩೧ರಲ್ಲಿ ಫ್ಯಾರಡೆಯವರು ಕಂಡುಹಿಡಿದ ತತ್ತ್ವವೇ ಇದು. ಈ ಸುರುಳಿಗೆ ಅಲ್ಲಿಯವರು ಪಿಕಪ್ ಎನ್ನುತ್ತಾರೆ. ಅಲ್ಲಿ ಹುಟ್ಟಿದ ಪ್ರವಾಹವು ಒಂದು ಪೆಟ್ಟಿಗೆಗೆ ಹೋಗಿ, ಅಲ್ಲಿ ಸಾವಿರ ಪಾಲು ದೊಡ್ಡದಾಗಿ, ಕಿವಿಗೆ ಬೀಳುತ್ತದೆ. ಮಗನ ಪೆಟ್ಟಿಗೆಯಲ್ಲಿ ನಮ್ಮ ಹಳೆಯ ರೇಡಿಯೋಗಳಲ್ಲಿದ್ದಂತಹ ಗಾಜಿನ ವಾಲ್ವುಗಳೇ ಇದ್ದವು. ಅವು ಬೆಚ್ಚಗಾಗುವ ವರೆಗೆ ಕಾಯಬೇಕು.

ಇಂತಹ ಗಟ್ಟಿ ಹಲಗೆಯ ಗಿಟಾರು ಜನರ ಬಳಕೆಗೆ ಬಂದದ್ದು ೧೯೫೦ರ ಸುಮಾರಿಗೆ. ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ರಿಪೇರಿಯ ಕಸುಬಿನಿಂದ ಮೇಲೆ ಬಂದ ಲಿಯೋ ಫೆಂಡರ್ ಎಂಬವರು ಮೊದಲು ಮಾಡಿ ಮಾರಿದರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ವಿನೋದ. ೧೯೫೨ರಲ್ಲಿ ಗಿಬ್ಸನ್ ಕಂಪೆನಿಯವರು ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕರ ಹೆಸರಿನಿಂದ ತಮ್ಮದೊಂದನ್ನು ಹೊರಡಿಸಿದರು. ಅದರ ಒಡಲು ಮಹಾಗನಿ ಮರ, ಮೇಲೆ ಮೇಪಲ್ ಮರದ ಉಬ್ಬು ಹಲಗೆ, ಅದಕ್ಕೆ ಚಿನ್ನದ ಬಣ್ಣ. ಎಂಟು ವರ್ಷಗಳಲ್ಲಿ ಗಿರಾಕಿಗಳು ಕಡಮೆಯಾದದ್ದರಿಂದ ಮಾಡಿದವರೇ ಅದನ್ನು ನಿಲ್ಲಿಸಿ, ೧೯೬೧ರಲ್ಲಿ ತೆಳ್ಳಗಿನ ಬೇರೊಂದು ಆಕಾರದ ವಾದ್ಯವನ್ನು ತಂದರು. ೧೯೬೬ರಲ್ಲಿ ಎರಿಕ್ ಕ್ಲಾಪ್ಟನ್ ಎಂಬ ಆಂಗ್ಲ ತರುಣನು ಅಂತಹ ಒಂದು ಹಳೆಯ ಗಿಟಾರಿನಲ್ಲಿ ನುಡಿಸಿದ ಧ್ವನಿಮುದ್ರಿಕೆ ಹೊರಬಿದ್ದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ೧೯೬೮ರಲ್ಲಿ ಕಂಪೆನಿಯವರು ಮತ್ತೆ ಮಾಡತೊಡಗಿದರು. ಆದರೆ ಹೊಸದು ಹಳೆಯದರಂತಿಲ್ಲವೆಂಬ ಮಾತು ಅಂದು ಹುಟ್ಟಿದ್ದು ಇಂದಿಗೂ ಸತ್ತಿಲ್ಲ. ಸಂತೆಯಲ್ಲಿ ಮಾರದೆ ಉಳಿದ ಸರಕು ಮನೆತನದ ಒಡವೆಯಾದುದು ಹೀಗೆ.

ಮಗನ ಬಳಿ ಇದ್ದದ್ದು ೨೦೧೯ರಲ್ಲಿ ನ್ಯಾಶ್‌ವಿಲ್ಲಿನಲ್ಲಿ ತಯಾರಾದ ಲೆಸ್ ಪಾಲ್ ಗಿಟಾರು. ನೋಡಲು ಸೊಗಸಾಗಿತ್ತು, ಕೇಳಲು ನನಗೆ ಯಾವ ಕೊರತೆಯೂ ಕಾಣಲಿಲ್ಲ. ಅಷ್ಟರಲ್ಲಿ ಎರಡು ಮನೆಯಾಚೆಯ ಮುದುಕಿಯೊಬ್ಬಳು ನಡುವೆ ಬಂದಳು. ಆಕೆಗೆ ಎಂಬತ್ತೆಂಟು ವರ್ಷ. ನಮ್ಮ ಮೊಮ್ಮಗಳು ಆಕೆಯನ್ನು ಅಜ್ಜಿಯೆಂದೇ ಕರೆಯುತ್ತಿದ್ದಳು; ನಾವೂ ಹಾಗೆಯೇ ಕರೆದೆವು. ಆಕೆಯ ಗಂಡ ತೀರಿಹೋಗಿ ಮೂರು ವರ್ಷವಾಗಿತ್ತು. ಒಂದು ದಿನ ಆಕೆ ಮಂಚದ ಕೆಳಗಿನಿಂದ ಒಂದು ಕಂದುಬಣ್ಣದ ಪೆಟ್ಟಿಗೆಯನ್ನು ಎಳೆಸಿ, ಒಳಗಿದ್ದ ಗಂಡನ ಗಿಟಾರನ್ನು ನಮ್ಮ ಹುಡುಗನ ಕೈಗೆ ಕೊಟ್ಟು, ತಂತಿ ತುಕ್ಕು ಹಿಡಿದಿವೆ, ಬೇರೆ ಹಾಕಿ ಶುಚಿಮಾಡು, ಬೇಕೆನಿಸಿದರೆ ಒಂದು ಸಾವಿರ ಡಾಲರು ಕೊಟ್ಟು ನೀನೇ ಇಟ್ಟುಕೋ ಎಂದಳು. ಗಂಡನು ೧೯೫೬ರಲ್ಲಿ ಅದನ್ನು ಇನ್ನೂರು ಚಿಲ್ಲರೆ ಡಾಲರಿಗೆ ಕೊಂಡಿದ್ದನಂತೆ. ಐದು ಪಾಲು ಹೆಚ್ಚು ಬಂದಿತೆಂದು ಆಕೆಯ ಲೆಕ್ಕ.

ಗಿಟಾರು ನಮ್ಮ ಮನೆಗೆ ಬಂದಿತು. ಅದನ್ನು ನಾನು ಮೊದಲು ನೋಡಿದಾಗ ರೋಗಿಯನ್ನು ನೋಡಿದಂತಾಯಿತು. ಚಿನ್ನದ ಬಣ್ಣಕ್ಕೆ ಹಾಕಿದ್ದು ಚಿನ್ನವಲ್ಲ, ಕಂಚಿನ ಪುಡಿ; ಮೇಲಿನ ಮೆರುಗೆಣ್ಣೆ ಸವೆದು ಮೊಳಕೈ ಒರಗಿದ ಕಡೆಯಲ್ಲೆಲ್ಲ ಅದು ಹುಳಿಪದಾರ್ಥವಿಟ್ಟ ಹಿತ್ತಾಳೆಯ ಪಾತ್ರೆಯಂತೆ ಹಸುರಾಗಿತ್ತು. ಉಳಿದ ಕಡೆ ಮೆರುಗೆಣ್ಣೆಯು ಬೇಸಗೆಯ ಕೆರೆಯಂಗಳದಂತೆ ಸಣ್ಣಸಣ್ಣಗೆ ಬಿರಿದಿತ್ತು. ಹಿಡಿಯ ಹಿಂಭಾಗದಲ್ಲಿ ಹೆಬ್ಬೆರಳು ಜಾರಿ ಜಾರಿ ಬರಿಯ ಮರ ಕಾಣುತ್ತಿತ್ತು. ನಮ್ಮ ಹುಡುಗನು ಹೊಸ ತಂತಿಗಳನ್ನು ಕಟ್ಟಿ ಆ ರಾತ್ರಿ ಹನ್ನೆರಡರ ವರೆಗೆ ನುಡಿಸಿದನು. ಮಾರನೆಯ ದಿನ ಬೆಳಗ್ಗೆ, "ಅಪ್ಪ, ಇದರ ನಾದದಲ್ಲಿ ಗಾಳಿಯಿದೆ, ನನ್ನದರಲ್ಲಿ ಇಲ್ಲ," ಎಂದನು. ಗಟ್ಟಿ ಹಲಗೆಯಲ್ಲಿ ಗಾಳಿ ಎಲ್ಲಿಂದ ಬಂತಪ್ಪ ಎಂದು ನಾನು ಕೇಳಿದೆನು. ಅವನಿಗೆ ಕೋಪ ಬಂದಿತು.

ಒಂದು ವಾರ ಕಳೆಯಿತು. ಹುಡುಗನು ಸಾವಿರ ಡಾಲರನ್ನೂ ಕೊಡಲಿಲ್ಲ, ಗಿಟಾರನ್ನೂ ಹಿಂದಕ್ಕೆ ಕೊಡಲಿಲ್ಲ. ಒಂದು ಮಧ್ಯಾಹ್ನ ಸೊಸೆ ನನ್ನೊಡನೆ, "ಮಾವ, ಅದರ ಪೇಟೆಯ ಬೆಲೆ ಎಷ್ಟೆಂದು ಅವರು ನಿಮಗೆ ಹೇಳಿದ್ದಾರೆಯೇ?" ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದೆನು. ಆಕೆ ಹೇಳಿದ ಮೊತ್ತದಲ್ಲಿ ಅವರು ಹೊಸ ಕಾರನ್ನು ಕೊಂಡು ಮಿಕ್ಕ ಹಣದಿಂದ ಮೈಸೂರಿಗೆ ಸಂಸಾರಸಮೇತರಾಗಿ ಎರಡು ಸಲ ಬಂದುಹೋಗಬಹುದಾಗಿತ್ತು.

ರಾತ್ರಿ ಊಟವಾದ ಮೇಲೆ ಮಗನನ್ನು ಕೇಳಿದೆನು: "ಅಜ್ಜಿಗೆ ಇದರ ಬೆಲೆ ಗೊತ್ತೇ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿದ್ದರೆ ಸಾವಿರ ಎನ್ನುತ್ತಿದ್ದರೇ ಅಪ್ಪ?" ಎಂದನು.

"ನೀನು ಹೇಳಬಾರದಾಗಿತ್ತೇ?"

"ನಾನೇನು ಮಾರುವುದಕ್ಕೆ ಕೊಳ್ಳುತ್ತಿಲ್ಲ. ನನಗೆ ಬೇಕಾದದ್ದು ಇದರ ನಾದ. ವ್ಯಾಪಾರಿಯ ಕೈಗೆ ಹೋದರೆ ಯಾರೋ ಧನಿಕನ ಮನೆಯ ಗಾಜಿನ ಬೀರುವಿನಲ್ಲಿ ಕೂರುತ್ತದೆ. ನನ್ನ ಬಳಿ ಇದ್ದರೆ ದಿನವೂ ನುಡಿಯುತ್ತದೆ. ಅಜ್ಜಿಗೂ ಅದೇ ಸಂತೋಷ."

ಅವನ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ, ಅದೇ ಕಷ್ಟ. ನಾನು ಯೋಚಿಸಿ, "ಹಾಗಾದರೆ ನಾದವನ್ನೇ ತೂಗಿ ನೋಡೋಣ. ಕಣ್ಣಿಗೆ ಕಾಣದಂತೆ ಕೇಳಿದಾಗ ಹೊಸದಕ್ಕೂ ಹಳೆಯದಕ್ಕೂ ಭೇದ ತಿಳಿಯದೆ ಹೋದರೆ, ನೀನು ಬಯಸುತ್ತಿರುವುದು ನಾದವನ್ನಲ್ಲ, ಅದರ ವಯಸ್ಸನ್ನು. ವಯಸ್ಸಿಗೆ ಪೇಟೆಯಲ್ಲಿ ಬೆಲೆಯಿದೆ, ಆ ಬೆಲೆ ಅಜ್ಜಿಯದು," ಎಂದೆನು.

"ಭೇದ ತಿಳಿದರೆ?" ಎಂದನು ಮಗ.

"ತಿಳಿದರೂ ಬೆಲೆ ಅಜ್ಜಿಯದೇ," ಎಂದು ನಮ್ಮ ಮನೆಯಾಕೆ ಅಡುಗೆಮನೆಯಿಂದಲೇ ಹೇಳಿದಳು.

ನ್ಯಾಯವಾಗಿ ವ್ಯಾಜ್ಯವು ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅಷ್ಟು ಹೊತ್ತಿಗೆ ಪರೀಕ್ಷೆಯ ಕುತೂಹಲ ಎಲ್ಲರಿಗೂ ಹತ್ತಿತ್ತು.

ಶನಿವಾರ ಸಾಯಂಕಾಲ ಪರೀಕ್ಷೆ ನಡೆಯಿತು. ಮಗನ ಸ್ನೇಹಿತನೊಬ್ಬನು, ಆ ಊರಿನ ಶಾಲೆಯೊಂದರ ಉಪಾಧ್ಯಾಯ, ಪಕ್ಕದ ಕೋಣೆಯಲ್ಲಿ ಕುಳಿತು ನುಡಿಸಿದನು. ಎರಡು ಗಿಟಾರುಗಳಿಗೂ ಒಂದೇ ಬಗೆಯ ಹೊಸ ತಂತಿ, ಒಂದೇ ಪೆಟ್ಟಿಗೆ, ಪೆಟ್ಟಿಗೆಯ ತಿರುಪುಗಳು ಒಂದೇ ಗುರುತಿನಲ್ಲಿ. ಯಾವುದನ್ನು ನುಡಿಸುವುದೆಂಬುದನ್ನು ಅವನು ನಾಣ್ಯವನ್ನು ಚಿಮ್ಮಿ ತೀರ್ಮಾನಿಸಿದನು. ಹೀಗೆ ಹತ್ತು ಸಲ. ನಾವು ಈಚೆಯ ಕೋಣೆಯಲ್ಲಿ ಕುಳಿತು ಹಳೆಯದೋ ಹೊಸದೋ ಎಂದು ಕಾಗದದಲ್ಲಿ ಗುರುತು ಹಾಕಿದೆವು. ನನ್ನದು ಆರು ಸರಿಯಾಯಿತು, ಮಗನದು ಎಂಟು. ನಮ್ಮ ಮನೆಯಾಕೆಯದು ಹತ್ತಕ್ಕೆ ಹತ್ತು!

ಮಗನಿಗೆ ಆದ ಸಂತೋಷವನ್ನು ಹೇಳತೀರದು. "ನೋಡಿದೆಯಾ ಅಪ್ಪ, ವೀಣೆ ನುಡಿಸಿದ ಕಿವಿ!" ಎಂದು ಕುಣಿದನು. ಯಾವ ಲಕ್ಷಣದಿಂದ ಗುರುತಿಸಿದೆಯೆಂದು ನಾನು ಆಕೆಯನ್ನು ಕೇಳಿದೆನು. "ಅದರಲ್ಲೇನಿದೆ? ಹಳೆಯದನ್ನು ತೆಗೆದುಕೊಂಡ ಕೂಡಲೇ, ನುಡಿಸುವುದಕ್ಕೆ ಮುಂಚೆಯೇ, ದುಂಬಿಯ ಹಾಗೆ ಗುಂಯ್ ಎನ್ನುತ್ತದೆ. ಹೊಸದು ಸುಮ್ಮನಿರುತ್ತದೆ. ನೀವೆಲ್ಲ ಸಂಗೀತವನ್ನು ಕೇಳುತ್ತಿದ್ದಿರಿ, ನಾನು ಅದಕ್ಕೆ ಮುಂಚಿನದನ್ನು ಕೇಳಿದೆ," ಎಂದಳು.

ಉಪಾಧ್ಯಾಯನು ಹೊಟ್ಟೆ ಹಿಡಿದುಕೊಂಡು ನಕ್ಕನು. ಸಂಗತಿಯೇನೆಂದರೆ, ೧೯೫೬ರ ವಾದ್ಯದಲ್ಲಿ ಪಿಕಪ್ಪಿಗೆ ಒಂದೇ ಸುರುಳಿ. ಅಂತಹ ಸುರುಳಿಯು ತಂತಿಯ ಕಂಪನವನ್ನಲ್ಲದೆ ಮನೆಯ ದೀಪದ ತಂತಿಗಳಿಂದ ಹೊಮ್ಮುವ ವಿದ್ಯುತ್ತಿನ ಗೊಣಗನ್ನೂ ಹಿಡಿದುಕೊಳ್ಳುತ್ತದೆ. ಅಮೆರಿಕದಲ್ಲಿ ಆ ಪ್ರವಾಹಕ್ಕೆ ಸೆಕೆಂಡಿಗೆ ೬೦ ಆವರ್ತ, ನಮ್ಮಲ್ಲಿ ೫೦. ಆದ್ದರಿಂದ ಅದೇ ಗಿಟಾರು ಮೈಸೂರಿನಲ್ಲಿ ಸ್ವಲ್ಪ ತಗ್ಗಿದ ಶ್ರುತಿಯಲ್ಲಿ ಗೊಣಗುತ್ತಿತ್ತೆನ್ನಬೇಕು. ಈ ಕಾಟವನ್ನು ತಪ್ಪಿಸುವುದಕ್ಕಾಗಿಯೇ ಗಿಬ್ಸನ್ ಕಂಪೆನಿಯ ಸೆತ್ ಲವರ್ ಎಂಬ ಯಂತ್ರಜ್ಞರು ೧೯೫೫ರಲ್ಲಿ ಎರಡು ಸುರುಳಿಗಳ ಪಿಕಪ್ಪನ್ನು ಕಲ್ಪಿಸಿದರು. ಒಂದರ ಸುತ್ತನ್ನೂ ಅಯಸ್ಕಾಂತದ ಧ್ರುವವನ್ನೂ ಇನ್ನೊಂದಕ್ಕೆ ವಿರುದ್ಧವಾಗಿಟ್ಟರೆ, ಹೊರಗಿನಿಂದ ಬಂದ ಗೊಣಗು ಒಂದನ್ನೊಂದು ಕಳೆದುಕೊಳ್ಳುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ೧೯೫೭ರಿಂದ ಲೆಸ್ ಪಾಲ್ ಗಿಟಾರಿಗೆ ಅದನ್ನೇ ಹಾಕಿದರು. ಮಗನ ೨೦೧೯ರ ವಾದ್ಯದಲ್ಲಿ ಇದ್ದದ್ದೂ ಆ ಜಾತಿಯದೇ. ಎರಡು ಸುರುಳಿಯ ನಾದ ಹೆಚ್ಚು ತುಂಬಿಕೊಂಡಿರುತ್ತದೆ. ಒಂದು ಸುರುಳಿಯ ನಾದಕ್ಕೆ ಅಂಚು ಹೆಚ್ಚು. ಮಗನು ಗಾಳಿಯೆಂದದ್ದು ಪ್ರಾಯಶಃ ಆ ಅಂಚನ್ನೇ. ಎಂದರೆ ನಾವು ಇಷ್ಟು ಹೊತ್ತು ಮಾಡಿದ್ದು ಹಳೆಯದಕ್ಕೂ ಹೊಸದಕ್ಕೂ ಹೋಲಿಕೆಯಲ್ಲ, ಜಾತಿಗೂ ಜಾತಿಗೂ ಹೋಲಿಕೆ. ಮಾವಿನ ಹಣ್ಣಿನೊಡನೆ ಹಲಸಿನ ಹಣ್ಣನ್ನಿಟ್ಟು ಯಾವುದು ಹೆಚ್ಚು ಕಳಿತಿದೆಯೆಂದು ಕೇಳಿದಂತೆ.

ಉಪಾಧ್ಯಾಯನ ಬಳಿ ಈಚೆಗೆ ತಯಾರಾದ ಚಿನ್ನದ ಬಣ್ಣದ ಗಿಟಾರೊಂದಿತ್ತು. ಅದು ಹಳೆಯ ಮಾದರಿಯ ಪ್ರತಿರೂಪ. ಅದಕ್ಕೂ ಒಂದೇ ಸುರುಳಿಯ ಪಿಕಪ್ಪುಗಳು. ಮುಂದಿನ ಶನಿವಾರ ಅದನ್ನು ತಂದನು. ಈ ಸಲ ಎರಡೂ ಸಮಸಮವಾಗಿ ಗೊಣಗಿದವು. ನಮ್ಮ ಮನೆಯಾಕೆಗೆ ಸಿಕ್ಕಿದ್ದು ಐದು, ಸೊಸೆಗೆ ಆರು, ನನಗೆ ನಾಲ್ಕು. ಮಗನು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿ ಕೇಳಿ ಗುರುತು ಹಾಕಿದನು, ಅವನಿಗೂ ಆರೇ. ಏನೂ ಕೇಳದೆ ನಾಣ್ಯ ಚಿಮ್ಮಿದ್ದರೂ ಬಹುಶಃ ಅಷ್ಟೇ ಬರುತ್ತಿತ್ತು. ಮೊಮ್ಮಗಳು ಏಳು ಸರಿಮಾಡಿದ್ದಳು. ಆಕೆ ಕೇಳುತ್ತಲೇ ಇರಲಿಲ್ಲ, ಚಿತ್ರ ಬರೆಯುತ್ತಿದ್ದಳು.

ಮಗನ ಮುಖ ಬಾಡಿತು. ಅವನನ್ನು ಸಮಾಧಾನಪಡಿಸುವುದಕ್ಕೆಂದು ಉಪಾಧ್ಯಾಯನು ಪಿಟೀಲಿನ ಕಥೆಯೊಂದನ್ನು ಹೇಳಿದನು. ೨೦೧೦ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಪಿಟೀಲಿನ ಸ್ಪರ್ಧೆ ನಡೆದಾಗ ಕ್ಲೌಡಿಯ ಫ್ರಿಟ್ಜ್ ಎಂಬ ವಿದುಷಿಯೂ ಜೋಸೆಫ್ ಕರ್ಟಿನ್ ಎಂಬ ಪಿಟೀಲು ಮಾಡುವವರೂ ಅವರ ಸಂಗಡಿಗರೂ ಕೂಡಿ, ಇಪ್ಪತ್ತೊಂದು ಮಂದಿ ನುರಿತ ವಾದಕರಿಗೆ ಕಪ್ಪು ಕನ್ನಡಕವನ್ನು ಹಾಕಿಸಿ, ಮಬ್ಬುಗತ್ತಲೆಯ ಕೋಣೆಯಲ್ಲಿ ಆರು ಪಿಟೀಲುಗಳನ್ನು ಕೊಟ್ಟರು. ಮೂರು ಹೊಸವು; ಮೂರು ಇಟಲಿಯ ಪುರಾತನ ವಾದ್ಯಗಳು, ಅವುಗಳಲ್ಲಿ ಎರಡು ಸಾಕ್ಷಾತ್ ಸ್ಟ್ರಾಡಿವೇರಿಯಸ್. ಯಾವುದು ಹಳೆಯದೆಂದು ವಾದಕರಿಗೆ ನಂಬತಕ್ಕಂತೆ ಹೇಳಲಾಗಲಿಲ್ಲ. ಅವರಲ್ಲಿ ಹೆಚ್ಚು ಮಂದಿ ಮನೆಗೆ ಕೊಂಡೊಯ್ಯಲು ಬಯಸಿದ್ದು ಹೊಸದನ್ನು. ಮುನ್ನೂರು ವರ್ಷದ ಟೊಳ್ಳು ಮರದ ಗತಿಯೇ ಹೀಗಾದರೆ ಎಪ್ಪತ್ತು ವರ್ಷದ ಹಲಗೆಯ ಪಾಡೇನು ಎಂದು ನಾನು ಅಂದುಕೊಂಡೆನು. ಬಾಯಿಬಿಟ್ಟು ಹೇಳಲಿಲ್ಲ.

ಆಗ ನಮ್ಮ ಮನೆಯಾಕೆಯೇ ಒಂದು ಮಾತು ಹೇಳಿದಳು. "ಕೇಳುವುದು ನಮ್ಮ ಕೆಲಸ. ನುಡಿಸುವವನಿಗೆ ಕಿವಿಗಿಂತ ಮೊದಲು ಕೈ. ಅವನ ಕೈಗೆ ಕೊಟ್ಟು ನೋಡಿ." ಆಕೆಯ ಮಾತಿಗೆ ಆಧಾರವಿತ್ತು. ಆಕೆ ತನ್ನ ತಾಯಿಯ ವೀಣೆಯನ್ನು ನುಡಿಸುವವಳು. ಮೇಣ ಮೆತ್ತಗಾಗಿ ಮೆಟ್ಟುಗಳು ಸ್ಥಾನ ತಪ್ಪಿದ್ದರಿಂದ ಒಮ್ಮೆ ಅದಕ್ಕೆ ಹೊಸದಾಗಿ ಮೇಳ ಕಟ್ಟಿಸಿದೆವು. ಬಂದವರೆಲ್ಲ ನಾದ ಮೊದಲಿಗಿಂತ ಚೆನ್ನಾಗಿದೆಯೆಂದರು. ಆಕೆ ಮಾತ್ರ ಎರಡು ತಿಂಗಳು ಅದನ್ನು ಯಾರದೋ ಮನೆಯ ವೀಣೆಯೆನ್ನುತ್ತಿದ್ದಳು. ಆಕೆಯ ಬೆರಳಿಗೆ ಗೊತ್ತಿದ್ದ ತಗ್ಗುಗಳು ಅಲ್ಲಿ ಇರಲಿಲ್ಲ.

ಮಗನ ಕಣ್ಣಿಗೆ ತಾಯಿಯ ಶಾಲನ್ನು ಕಟ್ಟಿದೆವು. ಪೆಟ್ಟಿಗೆಯನ್ನು ಆರಿಸಿದೆವು. ಉಪಾಧ್ಯಾಯನು ನಾಣ್ಯ ಚಿಮ್ಮಿ ಒಂದೊಂದು ಸಲ ಒಂದೊಂದನ್ನು ಅವನ ತೊಡೆಯ ಮೇಲಿಟ್ಟನು. ಎರಡೂ ಹೆಚ್ಚುಕಡಮೆ ಒಂದೇ ತೂಕ, ಸುಮಾರು ಒಂಬತ್ತು ಪೌಂಡು. ಒಂದು ಸ್ವರವನ್ನೂ ನುಡಿಸದೆ, ಹಿಡಿಯ ಮೇಲೆ ಕೈ ಒಮ್ಮೆ ಜಾರಿದ ಮಾತ್ರಕ್ಕೆ, ಅವನು ಹಳೆಯದು, ಹಳೆಯದು, ಹೊಸದು ಎನ್ನುತ್ತ ಹೋದನು. ಹತ್ತೂ ಸರಿಯಾದವು.

ಈ ಭೇದ ಎಲ್ಲಿದೆಯೆಂಬುದನ್ನು ಅವನು ನನ್ನ ಬೆರಳನ್ನೇ ಹಿಡಿದು ತೋರಿಸಿದನು. ಹಳೆಯದರ ಬೆರಳುಹಲಗೆಯ ಅಂಚು ಎಪ್ಪತ್ತು ವರ್ಷ ಅಂಗೈ ಉಜ್ಜಿ ದುಂಡಾಗಿದೆ, ಹೊಳೆಯ ಕಲ್ಲಿನಂತೆ. ಹೊಸದರ ಅಂಚು ಕತ್ತರಿಸಿದ ಹಾಗೆಯೇ ಇದೆ. ಹೊಸ ಮೆರುಗೆಣ್ಣೆಗೆ ಬೆವರು ತಾಕಿದರೆ ಕೈ ಸ್ವಲ್ಪ ಅಂಟುತ್ತದೆ. ಹಳೆಯದರಲ್ಲಿ ಅಂಟುವುದಕ್ಕೆ ಮೆರುಗೆಣ್ಣೆಯೇ ಉಳಿದಿಲ್ಲ. ಇನ್ನೊಂದು ಸೂಕ್ಷ್ಮವುಂಟು. ಚಳಿಗಾಲದಲ್ಲಿ ಅಲ್ಲಿನ ಮನೆಗಳನ್ನು ಹಗಲಿರುಳು ಬೆಚ್ಚಗೆ ಇಟ್ಟಿರುವುದರಿಂದ ಒಳಗಿನ ಗಾಳಿ ಬಹಳ ಒಣಗುತ್ತದೆ. ಹೊಸ ಮರ ಕುಗ್ಗುತ್ತದೆ, ಅದರಲ್ಲಿ ಕೂರಿಸಿದ ಲೋಹದ ಮೆಟ್ಟುಗಳು ಕುಗ್ಗುವುದಿಲ್ಲ. ಅವುಗಳ ತುದಿಗಳು ಅಂಚಿನಿಂದ ಕೂದಲೆಳೆಯಷ್ಟು ಹೊರಬಂದು ಕೈಯನ್ನು ಗೀರುತ್ತವೆ. ಹಳೆಯ ಮರ ಕುಗ್ಗುವಷ್ಟು ಕುಗ್ಗಿ, ಸವೆಯುವಷ್ಟು ಸವೆದು, ತಣ್ಣಗಾಗಿದೆ. ಕೈಗೆ ನೋವಿಲ್ಲದ ಕಡೆ ವಾದಕನು ಧೈರ್ಯವಾಗಿ ನುಡಿಸುತ್ತಾನೆ, ಧೈರ್ಯವಾಗಿ ನುಡಿಸಿದ್ದು ಅವನ ಕಿವಿಗೆ ಇಂಪಾಗಿ ಕೇಳುತ್ತದೆ, ಆ ಇಂಪನ್ನು ಅವನು ಮರದ ಗುಣವೆಂದು ತಿಳಿಯುತ್ತಾನೆ. ಹನ್ನೆರಡು ಗಂಟೆಯ ವರೆಗೆ ನುಡಿಸಿದ ಆ ಮೊದಲ ರಾತ್ರಿ ನಮ್ಮ ಹುಡುಗನಿಗೆ ಆದದ್ದು ಇದೇ ಇರಬೇಕು. ಇದನ್ನು ಬರಿಯ ಭ್ರಮೆಯೆನ್ನಲು ನನಗೆ ಮನಸ್ಸು ಬಾರದು.

ಹೊಸದನ್ನೂ ಹೀಗೆ ಸವೆಯಿಸಬಹುದೆಂದು ಉಪಾಧ್ಯಾಯನು ಹೇಳಿದನು. ೧೯೯೦ರ ದಶಕದಿಂದ ಕಾರ್ಖಾನೆಯವರೇ ಹೊಸ ಗಿಟಾರುಗಳನ್ನು ಉಜ್ಜಿ, ಗೀರಿ, ಮೆರುಗೆಣ್ಣೆಯನ್ನು ಬಿರಿಯುವಂತೆ ಮಾಡಿ, ಹೆಚ್ಚಿನ ಬೆಲೆಗೆ ಮಾರುತ್ತಾರಂತೆ! ನಮ್ಮ ಮನೆಯಾಕೆ ಇದನ್ನು ಬಹಳ ಹೊತ್ತು ನಂಬಲಿಲ್ಲ. "ಹೊಸ ಸೀರೆಗೆ ತೇಪೆ ಹಾಕಿ ಮಾರಿದ ಹಾಗಾಯಿತು," ಎಂದಳು.

ಆ ರಾತ್ರಿಯೇ ಮಗನು ಗಿಟಾರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟನು. ಮಾರನೆಯ ಬೆಳಗ್ಗೆ ಅಜ್ಜಿಯ ಮನೆಗೆ ಅವನು ಹೊರಟಾಗ ನನ್ನನ್ನೂ ಕರೆದನು. ಒಬ್ಬನೇ ಹೋಗುವುದಕ್ಕೆ ಅವನಿಗೆ ಧೈರ್ಯವಿರಲಿಲ್ಲವೆಂದು ತೋರುತ್ತದೆ.

ಅವನು ಪೇಟೆಯ ಬೆಲೆಯನ್ನು ಹೇಳಿದಾಗ ಮುದುಕಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ಸಂತೋಷಪಡಲೂ ಇಲ್ಲ. ಅವನನ್ನು ಚೆನ್ನಾಗಿ ನೋಡಿ, "ಇದು ನಿನಗೆ ಎಂದು ಗೊತ್ತಾಯಿತು?" ಎಂದು ಕೇಳಿದಳು. ಪೆಟ್ಟಿಗೆ ತೆರೆದ ದಿನವೇ ಗೊತ್ತಿತ್ತು ಎಂದನು. "ಹಾಗಾದರೆ ಎರಡು ವಾರ ಏಕೆ ಬೇಕಾಯಿತು?" ಎಂದಳು. ಅವನು ಉತ್ತರ ಹೇಳಲಿಲ್ಲ. ನಾನೂ ನೆಲವನ್ನು ನೋಡುತ್ತ ಕುಳಿತಿದ್ದೆನು; ಪರೀಕ್ಷೆಯ ನೆವದಿಂದ ಅದರಲ್ಲಿ ಒಂದು ವಾರವನ್ನು ಕಳೆದವನು ನಾನೇ ಅಲ್ಲವೇ?

ಆಕೆ ಎದ್ದು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಆಮೇಲೆ ಮಾತು ಹಗುರವಾಯಿತು. ನಮ್ಮ ಪರೀಕ್ಷೆಯ ಕಥೆಯನ್ನು ಕೇಳಿ ಆಕೆಗೆ ನಗು ಬಂದಿತು. ಆಗ ತಿಳಿದದ್ದು ಇದು: ಮದುವೆಗೆ ಮುಂಚೆ ಎರಡು ವರ್ಷ ಆಕೆಯೂ ಪಾರ್ಸನ್ಸ್ ಬೀದಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಳು, ಅದೂ ಪಿಕಪ್ಪಿನ ಸುರುಳಿ ಸುತ್ತುವ ಕೆಲಸ! ಒಂದೊಂದಕ್ಕೆ ಹತ್ತು ಸಾವಿರದಷ್ಟು ಸುತ್ತು. ತಂತಿ ಎಷ್ಟು ಸಣ್ಣದೆಂದರೆ ಸೀನಿದರೆ ಹರಿಯುತ್ತಿತ್ತಂತೆ. ಹಳೆಯ ಪಿಕಪ್ಪುಗಳಲ್ಲಿ ಒಂದರಲ್ಲಿ ಸುತ್ತು ಹೆಚ್ಚು, ಒಂದರಲ್ಲಿ ಕಡಮೆ. ಆ ಹೆಚ್ಚುಕಡಮೆಯಲ್ಲೇ ಹಳೆಯ ನಾದದ ಗುಟ್ಟಿದೆಯೆಂದು ಈಗಿನವರು ಬಿಚ್ಚಿ, ಅಳೆದು, ಲೆಕ್ಕ ಹಾಕುತ್ತಾರೆಂದು ಮಗನು ಹೇಳಿದನು. "ಗುಟ್ಟೇನು ಬಂತು? ಸುರುಳಿ ತುಂಬಿದಂತೆ ಕಂಡರೆ ನಿಲ್ಲಿಸುತ್ತಿದ್ದೆವು. ಊಟದ ಗಂಟೆ ಹೊಡೆಯುವ ಹೊತ್ತಾದರೆ ಸ್ವಲ್ಪ ಮುಂಚೆಯೇ ತುಂಬಿದಂತೆ ಕಾಣುತ್ತಿತ್ತು," ಎಂದಳು.

ಹಳೆಯವೆಲ್ಲ ಚೆನ್ನಾಗಿದ್ದವೇ ಎಂದು ನಾನು ಕೇಳಿದೆನು. ಕೆಲವು ಬಹಳ ಚೆನ್ನಾಗಿದ್ದವು, ಕೆಲವು ಸಾಧಾರಣ, ಕೆಲವನ್ನು ಜನ ಬೇಸತ್ತು ಮಾರಿದರು, ಮುರಿದರು. ಚೆನ್ನಾಗಿದ್ದವನ್ನು ಮಂಚದ ಕೆಳಗೆ ಇಟ್ಟುಕೊಂಡರು ಎಂದಳು. ಉಳಿದುಬಂದವನ್ನು ಮಾತ್ರ ನೋಡಿ ಆ ಕಾಲದ್ದೆಲ್ಲ ಶ್ರೇಷ್ಠವೆನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಕೇಳಿಲ್ಲ.

ಓಹಾಯೋದಲ್ಲಿದ್ದ ಮಗಳು ಬಂದು ಗಿಟಾರನ್ನು ಮಾರುವುದೆಂದು ತೀರ್ಮಾನವಾಯಿತು. ಅದಕ್ಕೆ ಮುಂಚೆ ಒಂದು ಸಾಯಂಕಾಲ ನೀನು ಇದನ್ನು ನಮ್ಮ ಮನೆಯಲ್ಲಿ ನುಡಿಸಬೇಕೆಂದು ಮುದುಕಿ ಮಗನಿಗೆ ಹೇಳಿದಳು. ನಾವೆಲ್ಲರೂ ಹೋದೆವು. ಮಗನು ಪೆಟ್ಟಿಗೆಯ ಗುಂಡಿಯನ್ನು ಒತ್ತಿದನು, ವಾಲ್ವುಗಳು ಬೆಚ್ಚಗಾದವು, ಗುಂಯ್ ಎಂಬ ಆ ಗೊಣಗು ಎದ್ದಿತು. ಅವನು ಅದನ್ನು ಅಡಗಿಸಲು ತಿರುಪಿಗೆ ಕೈ ಹಾಕಿದಾಗ ಮುದುಕಿ ಬೇಡವೆಂದು ಕೈ ಎತ್ತಿದಳು. ಗಂಡನು ಕೆಲಸದಿಂದ ಬಂದು ಊಟಕ್ಕೆ ಮುಂಚೆ ನುಡಿಸಲು ಕುಳಿತಿದ್ದಾನೆಂದು ಅಡುಗೆಮನೆಯಲ್ಲಿ ಆಕೆಗೆ ತಿಳಿಯುತ್ತಿದ್ದದ್ದು ಆ ಸದ್ದಿನಿಂದಲಂತೆ. ಏನು ನುಡಿಸುತ್ತಿದ್ದನೋ ಆಕೆಗೆ ಅಷ್ಟಾಗಿ ನೆನಪಿರಲಿಲ್ಲ. ನಮ್ಮ ಹುಡುಗನು ಸ್ವಲ್ಪ ಹೊತ್ತು ಏನನ್ನೂ ನುಡಿಸದೆ ಸುಮ್ಮನೆ ಕುಳಿತಿದ್ದು, ಆಮೇಲೆ ನುಡಿಸಿದನು.

ಅದು ಎಷ್ಟಕ್ಕೆ ಹೋಯಿತೆಂದು ನಾವು ಕೇಳಲಿಲ್ಲ. ಆ ಮನೆಗೆ ಹೊಸ ಮಾಡು ಹಾಕಿಸಿದರೆಂದು ನಾವು ಊರಿಗೆ ಬಂದ ಮೇಲೆ ಮಗನು ತಿಳಿಸಿದನು.

ನಾವು ಹೊರಡುವ ಹಿಂದಿನ ದಿನ ನಮ್ಮ ಮನೆಯಾಕೆ ಅವನ ೨೦೧೯ರ ಗಿಟಾರನ್ನು ತೊಡೆಯ ಮೇಲೆ ವೀಣೆಯಂತೆ ಮಲಗಿಸಿಕೊಂಡು ಬೆರಳುಹಲಗೆಯನ್ನು ಸವರುತ್ತಿದ್ದಳು. ಕಂದು ಮರದಲ್ಲಿ ಕಪ್ಪು ಗೆರೆಗಳು. "ಇದು ನಮ್ಮ ಬೀಟೆಯಲ್ಲವೇ?" ಎಂದಳು. ಆಕೆಯ ತವರುಮನೆಯಲ್ಲಿ ಬೀಟೆಯ ಮಂಚವಿತ್ತು. ಮೈಸೂರಿನ ಕುಸುರಿ ಕೆಲಸದ ಹಲಗೆಗಳೂ ಆ ಮರದವೇ. ಹೌದೆಂದನು ಮಗ. ಹಳೆಯ ಗಿಟಾರುಗಳಿಗೆ ಬ್ರೆಜಿಲ್ ದೇಶದ ಬೀಟೆಯನ್ನು ಹಾಕುತ್ತಿದ್ದರು. ಕಾಡು ಕರಗಿ ಆ ಮರ ಸಿಕ್ಕುವುದು ಕಷ್ಟವಾಯಿತು, ೧೯೯೨ರಿಂದ ಅದರ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿಷೇಧವೇ ಬಂದಿತು. ಅದರ ಜಾಗಕ್ಕೆ ಬಂದದ್ದು ನಮ್ಮ ಪಶ್ಚಿಮಘಟ್ಟದ ಕಡೆಯ ಜಾತಿ. ಹಳೆಯ ಮರದ ನಾದವೇ ಬೇರೆಯೆಂದು ಅದರ ಮೇಲೂ ಒಂದು ಪಂಥವುಂಟಂತೆ. ಆಕೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಸಾವಿರಾರು ಮೈಲಿ ಬಂದು ಇಲ್ಲಿ ಕುಳಿತಿದೆ," ಎಂದು ಇನ್ನೊಮ್ಮೆ ಸವರಿದಳು.

ಮೊನ್ನೆ ಮಗನು ದೂರವಾಣಿಯಲ್ಲಿ ಮಾತನಾಡುತ್ತ, ಗಿಟಾರಿನ ಹಿಡಿಯ ಹಿಂದೆ ಹೆಬ್ಬೆರಳು ಬರುವ ಕಡೆ ಮೆರುಗು ಸ್ವಲ್ಪ ಮಂಕಾಗಿದೆಯೆಂದು ಹೇಳಿದನು. ಅವನ ಧ್ವನಿಯಲ್ಲಿ ಇದ್ದದ್ದು ದುಃಖವಲ್ಲ. ನಮ್ಮ ಮನೆಯಾಕೆ ನನ್ನ ಕೈಯಿಂದ ಯಂತ್ರವನ್ನು ತೆಗೆದುಕೊಂಡು, ನುಡಿಸುವುದಕ್ಕೆ ಮುಂಚೆ ಕೈ ತೊಳೆದುಕೊಳ್ಳುತ್ತೀಯೋ ಇಲ್ಲವೋ ಎಂದು ವಿಚಾರಿಸಿದಳು.